ಟ್ಯಾಂಕ್ ಕುಂಟಬಾರದು: ಮೀನು ಸಾಕುವವರ ಪ್ರಶ್ನೆ, ನಮ್ಮ ಉತ್ತರ

ಮಳೆಗಾಲದಲ್ಲಿ ಮೀನಿಗೆ ಬರುವ ಕಾಯಿಲೆಗಳ ಬಗ್ಗೆ ಬರೆಯೋಣ ಅಂತ ಕೂತಿದ್ದೆ. ಆದರೆ ಈ ಸಲ ಕಾಸರಗೋಡು ಕಡೆಯಿಂದ ಬಂದ ಪತ್ರಗಳೆಲ್ಲ ಹೆಚ್ಚುಕಡಿಮೆ ಒಂದೇ ಮಾತು ಕೇಳಿವೆ. ದೊಡ್ಡ ಟ್ಯಾಂಕ್ ತಂದಿದ್ದೇವೆ, ಎಲ್ಲಿ ಇಡುವುದು, ಹೇಗೆ ನಿಲ್ಲಿಸುವುದು, ನೆಲ ತಡೆದೀತೇ? ಮೀನಿನ ಬಗ್ಗೆ ಒಬ್ಬರೂ ಕೇಳಿಲ್ಲ! ಇರಲಿ, ಕೇಳಬೇಕಾದ್ದನ್ನೇ ಮೊದಲು ಕೇಳಿದ್ದೀರಿ. ಕಾಯಿಲೆ ಮುಂದಿನ ಸಂಚಿಕೆಗೆ.

ಪ್ರಶ್ನೆ: ಅಣ್ಣಾ, ನಮ್ಮದು ಪೆರ್ಲ ಹತ್ತಿರ ಅಜ್ಜ ಕಟ್ಟಿಸಿದ ಹಂಚಿನ ಮನೆ. ಮುರಕಲ್ಲಿನ ಗೋಡೆ, ಕಾವಿ ನೆಲ. ಮಗನ ಆಸೆಗೆ 4 ಅಡಿ ಉದ್ದ, ಒಂದೂವರೆ ಅಡಿ ಅಗಲ, 2 ಅಡಿ ಎತ್ತರದ ಟ್ಯಾಂಕ್ ತಂದೆವು. ಚಾವಡಿಯಲ್ಲಿ ಸ್ಟ್ಯಾಂಡ್ ಇಟ್ಟು ನೋಡಿದರೆ ಎಡದಿಂದ ಬಲಕ್ಕೆ 9 ಮಿಲಿಮೀಟರ್ ವಾಟ ಇದೆ. ಅಂಗಡಿಯವರು "ಗಾಜಿನ ಅಡಿಗೆ ರಟ್ಟು ಮಡಚಿ ಇಡಿ, ಸರಿಯಾಗ್ತದೆ" ಅಂದರು. ಇಡಬಹುದಾ?
— ಅಡಿಕೆ ಕೃಷಿಕರು, ಪೆರ್ಲ

ಉತ್ತರ: ಇಡಬೇಡಿ ಮಾರಾಯ್ರೇ. ರಟ್ಟು ಇಟ್ಟು ಕೆಟ್ಟವನು ನಾನೇ ಇದ್ದೇನೆ.

ಸುಮಾರು ವರ್ಷಗಳ ಹಿಂದಿನ ಮಾತು. ನನ್ನದು 3 ಅಡಿಯ ಟ್ಯಾಂಕ್, ನೂರಿಪ್ಪತ್ತು ಲೀಟರಿನದ್ದು. ಹಿಂದಿನ ಬಲಮೂಲೆ ಸ್ವಲ್ಪ ಎದ್ದಂತೆ ಇತ್ತು, ಬೆರಳಲ್ಲಿ ಒತ್ತಿದರೆ ಕುಟ್ ಅಂತ ಕೂರುತ್ತಿತ್ತು. ಹಳೇ ಕ್ಯಾಲೆಂಡರಿನ ಎರಡು ಹಾಳೆ ಮಡಚಿ ಆ ಮೂಲೆಯ ಗಾಜಿನ ಅಡಿಗೆ ತೂರಿಸಿದೆ. ಕುಟುಕುಟು ನಿಂತಿತು. ಎರಡು ತಿಂಗಳು ಏನೂ ಆಗಲಿಲ್ಲ, ನಾನು ಮರೆತೇಬಿಟ್ಟೆ. ಆಟಿ ತಿಂಗಳ ಒಂದು ರಾತ್ರಿ, ಹಂಚಿನ ಮೇಲೆ ಅಡಿಕೆ ಬಿದ್ದ ಹಾಗೆ 'ಟಕ್' ಅಂತ ಒಂದೇ ಸದ್ದು. ಟಾರ್ಚ್ ಹಾಕಿ ನೋಡಿದರೆ ಅದೇ ಮೂಲೆಯಿಂದ ಕೂದಲೆಳೆಯಷ್ಟು ತೆಳು ಗೆರೆ ಓರೆಯಾಗಿ ಮೇಲಕ್ಕೆ ಹೋಗಿತ್ತು. ಗೆರೆಯ ಉದ್ದಕ್ಕೂ ನೀರು ಬೆವರಿದಂತೆ ಕಾಣುತ್ತಿತ್ತು. ಬಕೆಟ್ ತರುವಷ್ಟರಲ್ಲಿ ಗಾಜು ಬಾಯಿಬಿಟ್ಟಿತು. ನೀರು ಹೊಸ್ತಿಲು ದಾಟಿ ಜಗಲಿಗೆ ಇಳಿಯಿತು. ಅಮ್ಮ ಓಡಿದ್ದು ಮೀನಿನ ಕಡೆಗಲ್ಲ, ಮೂಲೆಯಲ್ಲಿ ಪೇರಿಸಿಟ್ಟ ಅಡಿಕೆ ಗೋಣಿಯ ಕಡೆಗೆ. ಅವರದ್ದೂ ಸರಿಯೇ. ಬೆಳಿಗ್ಗೆ ಆ ಕ್ಯಾಲೆಂಡರ್ ಹಾಳೆ ತೆಗೆದು ನೋಡಿದೆ. ಒಂದು ಬದಿ ಹಪ್ಪಳದಷ್ಟು ತೆಳ್ಳಗಾಗಿ ಗಟ್ಟಿಯಾಗಿತ್ತು, ಇನ್ನೊಂದು ಬದಿ ಇಟ್ಟ ಹಾಗೇ ಉಬ್ಬಿಕೊಂಡಿತ್ತು. ಅಂದರೆ ಅಷ್ಟೂ ದಿನ ಆ ಮೂಲೆಯ ಭಾರವನ್ನು ಗಾಜು ಹೊತ್ತದ್ದು ಎರಡು ಬೆರಳಗಲದ ಜಾಗದಲ್ಲಿ.

ಈಗ ನಿಮ್ಮ ಟ್ಯಾಂಕಿನ ಭಾರ ನೋಡೋಣ. ನಾಲ್ಕು, ಒಂದೂವರೆ, ಎರಡು ಗುಣಿಸಿದರೆ 12 ಘನ ಅಡಿ. ಒಂದು ಘನ ಅಡಿಗೆ 28 ಲೀಟರ್ ಚಿಲ್ಲರೆ, ಹಾಗಾಗಿ ಸುಮಾರು 340 ಲೀಟರ್ ನೀರು. ಲೀಟರಿಗೆ ಒಂದು ಕೆಜಿ. ಗಾಜು 10 ಎಂಎಂ ಆದರೆ 65 ಕೆಜಿ, 12 ಎಂಎಂ ಆದರೆ 80ರ ಹತ್ತಿರ. ಎರಡು ಇಂಚು ಮರಳು ಹಾಕಿದರೆ ಇನ್ನೊಂದು 45 ಕೆಜಿ. ಕಲ್ಲು, ಫಿಲ್ಟರ್, ಮುಚ್ಚಳ ಬೇರೆ. ಸ್ಟ್ಯಾಂಡ್ ಬಿಟ್ಟೇ ನಾಲ್ಕೂವರೆ ಕ್ವಿಂಟಾಲ್ ಆಯಿತು. ಒಂಬತ್ತು ಮೂಟೆ ಸಿಮೆಂಟನ್ನು ಒಂದು ಬೆಂಚಿನಷ್ಟು ಜಾಗದಲ್ಲಿ ಪೇರಿಸಿ ವರ್ಷಗಟ್ಟಲೆ ಬಿಟ್ಟ ಹಾಗೆ.

ಇದು ಕೆಳಮುಖದ ಭಾರ. ನೀರು ಹೊರಕ್ಕೂ ತಳ್ಳುತ್ತದೆ, ಅಲ್ವಾ? ಟ್ಯಾಂಕ್ ತುಂಬಿದಾಗ ನಿಮ್ಮ ಮುಂದಿನ ಗಾಜೊಂದರ ಮೇಲೇ ಎರಡು ಕ್ವಿಂಟಾಲಿಗಿಂತ ಜಾಸ್ತಿ ಒತ್ತಡ ಇರುತ್ತದೆ. ಗಾಜು ಆ ಒತ್ತಡವನ್ನು ಸುಲಭವಾಗಿ ತಡೆಯುತ್ತದೆ, ಅದಕ್ಕೆಂದೇ ದಪ್ಪ ಲೆಕ್ಕ ಹಾಕಿ ಅಂಟಿಸಿರುತ್ತಾರೆ. ಅದು ತಡೆಯದಿರುವುದು ತಿರುಚನ್ನು. ಒದ್ದೆ ಬಟ್ಟೆ ಹಿಂಡುವಾಗ ಒಂದು ಕೈ ಆ ಕಡೆ, ಇನ್ನೊಂದು ಕೈ ಈ ಕಡೆ ತಿರುಗಿಸುತ್ತೇವಲ್ಲ, ಮೂಲೆ ಎದ್ದ ಟ್ಯಾಂಕಿಗೆ ಆಗುವುದು ಅದೇ. ಮರ ಆದರೆ ಬಗ್ಗುತ್ತದೆ, ಗಾಜು ಬಗ್ಗುವುದಿಲ್ಲ. ಒಂದೋ ಸಿಲಿಕೋನ್ ಅಂಟು ಬಿಡುತ್ತದೆ, ಇಲ್ಲವೇ ಗಾಜೇ ಸೀಳುತ್ತದೆ.

ಹಾಗಾಗಿ ವಾಟ ಬೇರೆ, ಕುಂಟು ಬೇರೆ ಎನ್ನುವುದು ಮೊದಲು ತಲೆಗೆ ಹೋಗಬೇಕು. ಇಡೀ ಟ್ಯಾಂಕ್ ಒಂದೇ ಕಡೆಗೆ ಎರಡು ಮೂರು ಮಿಲಿಮೀಟರ್ ವಾಲಿದ್ದರೆ ಕಣ್ಣಿಗೆ ಚಂದ ಕಾಣುವುದಿಲ್ಲ, ಅಷ್ಟೇ. ತಗ್ಗಿನ ಕಡೆ ನೀರಿನ ಆಳ ಎರಡು ಮಿಲಿಮೀಟರ್ ಜಾಸ್ತಿ ಆದರೆ 12 ಎಂಎಂ ಗಾಜಿಗೆ ಅದೊಂದು ಲೆಕ್ಕವೇ ಅಲ್ಲ. ಆದರೆ ಮೂರು ಮೂಲೆ ಕೂತು ನಾಲ್ಕನೆಯದು ಒಂದೇ ಒಂದು ಮಿಲಿಮೀಟರ್ ಎದ್ದಿದ್ದರೂ ನಾನು ಆ ಟ್ಯಾಂಕಿಗೆ ನೀರು ಹಾಕುವುದಿಲ್ಲ. ನಿಮ್ಮ 9 ಮಿಲಿಮೀಟರ್ ಬರೀ ವಾಟ ಇರಬಹುದು. ನೆಲ ತೊಳೆದ ನೀರು ಹೊರಗೆ ಹೋಗಲಿ ಅಂತ ಹಳೇ ಮೇಸ್ತ್ರಿಗಳು ಬೇಕೆಂದೇ ಕೊಟ್ಟಿರುತ್ತಾರೆ. ಆದರೂ 9 ಜಾಸ್ತಿಯೇ, ಸರಿ ಮಾಡಲೇಬೇಕು. ಆದರೆ ನೆಲದಲ್ಲಿ ಸರಿ ಮಾಡಬೇಕು, ಗಾಜಿನ ಅಡಿಗಲ್ಲ. ಪ್ಯಾಕಿಂಗ್ ಏನಿದ್ದರೂ ಸ್ಟ್ಯಾಂಡಿನ ಕಾಲಿಗೆ.

ಅದಕ್ಕೂ ಮೊದಲು ಒಂದು ಕೆಲಸ. ಕಾವಿ ನೆಲವನ್ನು ಕತ್ತಿಯ ಹಿಡಿಯಲ್ಲೋ ನಾಣ್ಯದಲ್ಲೋ ತಟ್ಟುತ್ತಾ ಹೋಗಿ. ಹಳೇ ಮನೆಗಳಲ್ಲಿ ಅಡಿಪಾಯದ ಒಳಗೆ ತುಂಬಿಸಿದ್ದು ಕೆಂಪು ಮಣ್ಣು. ಅದು ವರ್ಷಗಳಲ್ಲಿ ಕುಸಿದಿರುತ್ತದೆ, ಹೆಗ್ಗಣ ಕೊರೆದಿದ್ದರಂತೂ ಕೇಳುವುದೇ ಬೇಡ. ಗಟ್ಟಿ ಇದ್ದಲ್ಲಿ ಸದ್ದು ಮೊಂಡಾಗಿ ಬರುತ್ತದೆ, ಟೊಳ್ಳಿದ್ದಲ್ಲಿ ಮಡಕೆ ತಟ್ಟಿದ ಹಾಗೆ. ಟೊಳ್ಳು ಕೇಳಿದ ಜಾಗದಲ್ಲಿ ಕಾಲು ಊರಬೇಡಿ. ಬೇರೆ ಜಾಗ ನೋಡಿ, ಇಲ್ಲವೇ ಅಷ್ಟು ಅಗೆದು ಕಾಂಕ್ರೀಟ್ ತುಂಬಿಸಿ.

ನಿಮ್ಮ ಮನೆಗೆ ನಾನು ಹೇಳುವ ಉಪಾಯ ಇದು. ಸ್ಟ್ಯಾಂಡಿಗಿಂತ ಸುತ್ತಲೂ ಎರಡಿಂಚು ದೊಡ್ಡದಾದ ಒಂದು ಗ್ರಾನೈಟ್ ಅಥವಾ ದಪ್ಪದ ಕಡಪ ಕಲ್ಲು ತನ್ನಿ. ಕಾವಿ ಹಾಳಾಗದ ಹಾಗೆ ನೆಲಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿ, ಮೇಲೆ ಮೇಸ್ತ್ರಿಯಿಂದ ಸಿಮೆಂಟ್ ಮರಳಿನ ಹಾಸು ಹಾಕಿಸಿ, ಕಲ್ಲನ್ನು ಮಟ್ಟ ನೋಡಿ ಕೂರಿಸಲಿ. ಒಂದು ಕಡೆ ಹಾಸು ಒಂದಿಂಚು ಇದ್ದರೆ ಇನ್ನೊಂದು ಕಡೆ 9 ಮಿಲಿಮೀಟರ್ ಜಾಸ್ತಿ, ಅಷ್ಟೇ ಕೆಲಸ. ಒಂದು ವಾರ ಒಣಗಲಿ. ಭಾರ ನಾಲ್ಕು ಕಾಲಿನ ಚುಕ್ಕೆಗಳಲ್ಲಿ ಇಳಿಯುವ ಬದಲು ಕಲ್ಲಿನ ಅಗಲಕ್ಕೂ ಹರಡುತ್ತದೆ. ಮುಂದೆ ಮೀನು ಬೇಡ ಅನಿಸಿದ ದಿನ ಕಲ್ಲು ಎಬ್ಬಿಸಿದರೆ ಅಜ್ಜನ ನೆಲ ಹಾಗೇ ಇರುತ್ತದೆ.

ಕಲ್ಲು ಬೇಡ ಅನ್ನುವುದಾದರೆ ವೆಲ್ಡಿಂಗ್ ಅಂಗಡಿಯಲ್ಲಿ 4 ಇಂಚು ಚೌಕದ ಕಬ್ಬಿಣದ ತಗಡು ಕತ್ತರಿಸಿ ಕೊಡುತ್ತಾರೆ, 3 ಎಂಎಂ ಮತ್ತು 1 ಎಂಎಂ ದಪ್ಪದವು. ತಗ್ಗಿನ ಕಾಲುಗಳಿಗೆ ಬೇಕಾದಷ್ಟು ಪೇರಿಸಿ. ರಟ್ಟು, ಕಾಗದ, ಹಸಿ ಮರದ ಚಕ್ಕೆ, ಅಡಿಕೆ ಸಲಾಕೆಯ ತುಂಡು ಯಾವುದೂ ಬೇಡ. ನೆನೆದರೆ ಉಬ್ಬುತ್ತವೆ, ಒಣಗಿದರೆ ಕುಗ್ಗುತ್ತವೆ, ಗೆದ್ದಲಿಗಂತೂ ಹಬ್ಬ.

ಮಟ್ಟ ನೋಡುವುದು ಮೊಬೈಲಿನಲ್ಲಿ ಆಗುವ ಕೆಲಸ ಅಲ್ಲ. ಮೊಬೈಲ್ 0.2 ಡಿಗ್ರಿ ತಪ್ಪು ತೋರಿಸಿದರೆ 4 ಅಡಿಗೆ 4 ಮಿಲಿಮೀಟರ್ ತಪ್ಪಾಗುತ್ತದೆ. ಮೇಸ್ತ್ರಿಯ ಹತ್ತಿರ ರಸಮಟ್ಟ ಇರುತ್ತದೆ, ಅದನ್ನು ಉದ್ದದ ಮಟ್ಟಗೋಲಿನ ಮೇಲಿಟ್ಟು ನೋಡಿ. ಒಮ್ಮೆ ನೋಡಿ, ಅದೇ ಜಾಗದಲ್ಲಿ ರಸಮಟ್ಟವನ್ನು ತಿರುಗಿಸಿ ಇಟ್ಟು ಇನ್ನೊಮ್ಮೆ ನೋಡಿ. ಗುಳ್ಳೆ ಎರಡು ಸಲವೂ ಕೋಣೆಯ ಒಂದೇ ಗೋಡೆಯ ಕಡೆಗೆ, ಅಷ್ಟೇ ಸರಿದು ನಿಂತರೆ ರಸಮಟ್ಟ ಸರಿ ಇದೆ ಅಂತ. ನನಗಂತೂ ಎಲ್ಲಕ್ಕಿಂತ ನಂಬಿಕೆ ಪಾರದರ್ಶಕ ಪೈಪಿನ ಮೇಲೆ. ಗುಳ್ಳೆ ಇಲ್ಲದಂತೆ ನೀರು ತುಂಬಿಸಿ ಎರಡು ತುದಿಯನ್ನು ಎರಡು ಮೂಲೆಗೆ ಹಿಡಿದರೆ ಸಾಕು, ಎರಡು ಕಡೆಯೂ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಪೈಪಿಗೆ ಬ್ಯಾಟರಿ ಬೇಡ.

ಪ್ರಶ್ನೆ: ಕುಂಬಳೆಯಲ್ಲಿ ಬಾಡಿಗೆ ಮನೆ, ಮೊದಲ ಮಹಡಿ. ನನ್ನದೂ 4 ಅಡಿ ಟ್ಯಾಂಕ್. ಮನೆ ಓನರ್ ಬಂದು "ಸ್ಲ್ಯಾಬ್ ಬಿದ್ದರೆ ಯಾರು ಹೊಣೆ?" ಅಂತ ಕೇಳಿದರು. ನನಗೂ ಹೆದರಿಕೆ ಶುರುವಾಗಿದೆ. ನಿಜವಾಗಿ ಬೀಳುತ್ತದಾ?
— ಮೆಡಿಕಲ್ ಅಂಗಡಿ ಉದ್ಯೋಗಿ, ಕುಂಬಳೆ

ಉತ್ತರ: ಓನರ್ ಕೇಳಿದ್ದರಲ್ಲಿ ತಪ್ಪಿಲ್ಲ ತಮ್ಮಾ. ಅವರ ಜತೆ ಕೂತು ಇದನ್ನು ಓದು.

ವಾಸದ ಕೋಣೆಗಳ ಸ್ಲ್ಯಾಬ್ ಚದರ ಮೀಟರಿಗೆ ಸುಮಾರು 200 ಕೆಜಿ ಹೊರಬೇಕು ಎಂದು ಭಾರತೀಯ ಮಾನಕ ಐಎಸ್ 875ರ ಎರಡನೇ ಭಾಗ ಹೇಳುತ್ತದೆ. ಜನ, ಮಂಚ, ಕಪಾಟು ಎಲ್ಲ ಸೇರಿದ ಲೆಕ್ಕ ಅದು. 10 ಅಡಿಗೆ 12 ಅಡಿಯ ಕೋಣೆ ಅಂದರೆ 11 ಚದರ ಮೀಟರ್, ಇಡೀ ಕೋಣೆಗೆ 2,200 ಕೆಜಿ ಆಯಿತು. ಆ ಲೆಕ್ಕದಲ್ಲಿ ನಾಲ್ಕೂವರೆ ಕ್ವಿಂಟಾಲ್ ದೊಡ್ಡದಲ್ಲ. ಆದರೆ ನಿನ್ನ ಟ್ಯಾಂಕ್ ಅಷ್ಟೂ ಭಾರವನ್ನು ಅರ್ಧ ಚದರ ಮೀಟರಿನಲ್ಲಿ ಇಳಿಸುತ್ತದೆ. ಆ ತುಂಡು ಜಾಗದ ಮಟ್ಟಿಗೆ ನೋಡಿದರೆ ಲೆಕ್ಕ ಹಾಕಿದ್ದರ ನಾಲ್ಕು ಪಟ್ಟು.

ಹಾಗಾಗಿ ಎಲ್ಲಿ ಇಡುತ್ತೀ ಅನ್ನುವುದೇ ಮುಖ್ಯ. ಕೋಣೆಯ ನಟ್ಟನಡುವೆ ಸ್ಲ್ಯಾಬ್ ಹೆಚ್ಚು ಬಗ್ಗುತ್ತದೆ, ಅಲ್ಲಿ ಬೇಡ. ಕೆಳಗಿನ ಮನೆಯಲ್ಲಿ ಗೋಡೆಯೋ ಬೀಮೋ ಇರುವ ಕಡೆ ನೋಡಿ, ಅದರ ನೇರ ಮೇಲೆ, ಗೋಡೆಗೆ ಉದ್ದವಾಗಿ ಇಡು. ಭಾರ ಸ್ಲ್ಯಾಬಿನಲ್ಲಿ ಅಲೆದಾಡದೆ ನೇರ ಗೋಡೆಗೆ ಇಳಿಯುತ್ತದೆ. ಗೋಡೆಯಿಂದ ಮೂರು ನಾಲ್ಕು ಇಂಚು ಬಿಡು, ಪೈಪ್ ಹಾಕಲು ಕೈ ಹೋಗಬೇಕಲ್ಲ. ಬಾಲ್ಕನಿಯಲ್ಲಿ ಮಾತ್ರ ಬೇಡವೇ ಬೇಡ. ಅದು ಒಂದೇ ಕಡೆ ಹಿಡಿದುಕೊಂಡು ಹೊರಗೆ ಚಾಚಿದ ತುಂಡು.

ಇನ್ನೊಂದು ಮಾತು. ನಿಮ್ಮದು ಕಡಲ ಹತ್ತಿರದ ಊರು. ಉಪ್ಪುಗಾಳಿಗೆ ಹಳೇ ಸ್ಲ್ಯಾಬಿನ ಒಳಗೆ ಕಂಬಿ ತುಕ್ಕು ಹಿಡಿದು ಉಬ್ಬುತ್ತದೆ, ಸಿಮೆಂಟ್ ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಕೆಳಗಿನ ಮನೆಯವರ ಅಪ್ಪಣೆ ಕೇಳಿ ಅವರ ಛಾವಣಿ ನೋಡಿ ಬಾ. ಬಿರುಕು, ಕಂದು ಕಲೆ, ಉದುರಿದ ಗಾರೆ ಕಂಡರೆ ಟ್ಯಾಂಕ್ ಆಸೆ ಬಿಡು, ಇಲ್ಲವೇ ಇಂಜಿನಿಯರ್ ಕರೆಸು. 5 ಅಡಿ ದಾಟಿದ ಟ್ಯಾಂಕಿಗೆ ಸ್ಲ್ಯಾಬ್ ಚೆನ್ನಾಗಿದ್ದರೂ ಇಂಜಿನಿಯರ್ ಹತ್ತಿರ ಕೇಳಿಯೇ ಮುಂದುವರಿಯಬೇಕು. ಈ ಅಂಕಣ ಓದಿ ಧೈರ್ಯ ತಂದುಕೊಳ್ಳುವ ವಿಷಯ ಅಲ್ಲ ಅದು.

ಹಾಗೇ, ಹಳೇ ಮನೆಗಳ ಮರದ ಹಲಗೆಯ ಉಪ್ಪರಿಗೆಯಲ್ಲಿ ಇಡಬಹುದಾ ಅಂತ ಇಬ್ಬರು ಕೇಳಿದ್ದಾರೆ. ಸಣ್ಣ ಭರಣಿ ಇಡಿ. ದೊಡ್ಡ ಟ್ಯಾಂಕ್ ಇಡಬೇಡಿ. ನೀವು ನಡೆದಾಗಲೆಲ್ಲ ನೀರು ತುಳುಕುವುದನ್ನು ನೋಡಿದರೆ ಕಾರಣ ನಿಮಗೇ ಗೊತ್ತಾಗುತ್ತದೆ.

ಪ್ರಶ್ನೆ: ಟ್ಯಾಂಕ್ ಇಟ್ಟು ನೀರು ತುಂಬಿಸಿ ಮೂರು ದಿನ ಆಯಿತು. ನಿನ್ನೆ ಸ್ಕೇಲ್ ಹಿಡಿದು ಗಾಜಿನ ಮೇಲಂಚಿನಿಂದ ನೀರಿನವರೆಗೆ ನಾಲ್ಕೂ ಮೂಲೆಯಲ್ಲಿ ಅಳೆದೆ. ಮುಂದೆ ಎಡಕ್ಕೆ 42 ಮಿಲಿಮೀಟರ್, ಮುಂದೆ ಬಲಕ್ಕೆ 45, ಹಿಂದೆ ಬಲಕ್ಕೆ 47, ಹಿಂದೆ ಎಡಕ್ಕೆ 43. ಒಂದು ಮೂಲೆಗೂ ಇನ್ನೊಂದಕ್ಕೂ 5 ಮಿಲಿಮೀಟರ್ ವ್ಯತ್ಯಾಸ! ರಾತ್ರಿ ನಿದ್ದೆ ಇಲ್ಲ.
— ನಿವೃತ್ತ ಮಾಷ್ಟ್ರು, ಮಂಜೇಶ್ವರ

ಉತ್ತರ: ಮಾಷ್ಟ್ರೇ, ನಾಲ್ಕೂ ಮೂಲೆ ಅಳೆದು ಬರೆದು ಕಳಿಸಿದ್ದೀರಿ. ಇಂಥ ಪತ್ರ ಬಂದರೆ ಉತ್ತರ ಬರೆಯಲು ಖುಷಿ. ನಿಮ್ಮ ಅಂಕಿಯಲ್ಲೇ ಉತ್ತರ ಇದೆ.

ಎದುರುಬದುರು ಮೂಲೆಗಳನ್ನು ಕೂಡಿಸಿ. ಮುಂದಿನ ಎಡ 42, ಹಿಂದಿನ ಬಲ 47, ಒಟ್ಟು 89. ಮುಂದಿನ ಬಲ 45, ಹಿಂದಿನ ಎಡ 43, ಒಟ್ಟು 88. ಎರಡೂ ಹೆಚ್ಚುಕಡಿಮೆ ಒಂದೇ. ಟ್ಯಾಂಕ್ ಒಂದೇ ಸಮತಟ್ಟಾಗಿ ವಾಲಿದ್ದರೆ ಈ ಎರಡು ಮೊತ್ತ ಸರಿಸಮ ಬರಲೇಬೇಕು, ರೇಖಾಗಣಿತ ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಆ ಒಂದು ಮಿಲಿಮೀಟರ್ ಗಾಜು ಕತ್ತರಿಸುವಾಗ ಬಂದ ವ್ಯತ್ಯಾಸವೋ ಸ್ಕೇಲ್ ಓದಿದ್ದರಲ್ಲಿ ಆದದ್ದೋ ಇರಬಹುದು. ಅಂದರೆ ನಿಮ್ಮದು ವಾಟ, ತಿರುಚು ಅಲ್ಲ. ಉದ್ದಕ್ಕೆ 3-4 ಮಿಲಿಮೀಟರ್, ಅಗಲಕ್ಕೆ 1-2. ಒಂದು ಮೊತ್ತ 88, ಇನ್ನೊಂದು 93 ಅಂತ ಬಂದಿದ್ದರೆ ನಾನು "ಪತ್ರ ಮಡಚಿಡಿ, ಮೊದಲು ನೀರು ತೆಗೆಯಿರಿ" ಅನ್ನುತ್ತಿದ್ದೆ.

ಆದರೆ ಗಾಜು ಬಿಗಿ. ಅದು ತಿರುಚುವ ಮೊದಲು ಮೂಲೆ ಸುಮ್ನೆ ಎದ್ದು ನಿಂತಿರುತ್ತದೆ, ಆಗ ಈ ಕೂಡಿಸುವ ಲೆಕ್ಕದಲ್ಲಿ ಸಿಕ್ಕಿಬೀಳುವುದಿಲ್ಲ. ಅದಕ್ಕೆ ಇನ್ನೊಂದು ಪರೀಕ್ಷೆ. ಒಂದು ಪೋಸ್ಟ್‌ಕಾರ್ಡ್ ತೆಗೆದುಕೊಂಡು ಟ್ಯಾಂಕಿನ ತಳಕ್ಕೂ ಸ್ಟ್ಯಾಂಡಿಗೂ ನಡುವೆ ಸುತ್ತಲೂ ತೂರಿಸಲು ನೋಡಿ. ಥರ್ಮೋಕೋಲ್ ಇದ್ದರೆ ಗಾಜಿಗೂ ಥರ್ಮೋಕೋಲಿಗೂ ನಡುವೆ. ಎಲ್ಲೂ ನುಗ್ಗದಿದ್ದರೆ ಚೆನ್ನಾಗಿ ಮಲಗಿ. ಒಂದು ಮೂಲೆಯಲ್ಲಿ ಸಲೀಸಾಗಿ ಒಳಗೆ ಹೋದರೆ ನೀರು ಇಳಿಸಲೇಬೇಕು. ಹಾಗೆಯೇ ಸ್ಟ್ಯಾಂಡಿನ ನಾಲ್ಕೂ ಕಾಲಿನ ಅಡಿಗೆ ತೂರಿಸಿ ನೋಡಿ.

ವಾಟ ಸರಿ ಮಾಡಬೇಕೋ ಬೇಡವೋ? ನನ್ನ ಮಟ್ಟಿಗೆ 4 ಮಿಲಿಮೀಟರ್ ಅಂದರೆ ಅಂಚಿನ ಮೇಲಿರುವ ಸಂಗತಿ. ಇವತ್ತಿನ 4ಕ್ಕಿಂತ ಇನ್ನೊಂದು ತಿಂಗಳಿಗೆ ಅದು 6 ಆಗಿದೆಯೇ ಅನ್ನುವುದು ನನಗೆ ಮುಖ್ಯ. ಗಾಜಿನ ನಾಲ್ಕೂ ಮೂಲೆಯಲ್ಲಿ ಮಾರ್ಕರ್‌ನಿಂದ ನೀರಿನ ಗೆರೆ ಹಾಕಿ ತಾರೀಕು ಬರೆದಿಡಿ. ವಾರಕ್ಕೊಮ್ಮೆ ನೀರು ಅದೇ ಮಟ್ಟಕ್ಕೆ ತುಂಬಿಸಿ ನೋಡಿ. ಮಳೆ ಜೋರಾದ ಮೇಲೂ ನೋಡಿ, ಹೊಸ ಮನೆಗಳಲ್ಲಿ ತುಂಬಿಸಿದ ಮಣ್ಣು ಕೂರುವುದು ಆಗಲೇ. ಗೆರೆ ಕದಲದಿದ್ದರೆ ಬಿಟ್ಟುಬಿಡಿ. ಕದಲುತ್ತಿದ್ದರೆ ಟ್ಯಾಂಕಿನದ್ದಲ್ಲ, ನೆಲದ ಕಾಯಿಲೆ.

ಸರಿ ಮಾಡಲೇಬೇಕೆಂದರೆ ದಯವಿಟ್ಟು ತುಂಬಿದ ಟ್ಯಾಂಕನ್ನು ಸಲಾಕೆ ಹಾಕಿ ಮೀಟಲು ಹೋಗಬೇಡಿ. ಅರ್ಧ ನೀರಿದ್ದರೂ ಬೇಡ. ಪೈಪ್ ಹಾಕಿ ಪೂರ್ತಿ ಇಳಿಸಿ. ಮೀನನ್ನು ಅದೇ ನೀರು ತುಂಬಿದ ಡ್ರಮ್ಮಿಗೆ ಬಿಡಿ, ಫಿಲ್ಟರನ್ನೂ ಅದೇ ಡ್ರಮ್ಮಿನಲ್ಲಿ ಓಡಿಸಿ. ಫಿಲ್ಟರ್ ಒಣಗಿದರೆ ಅದರಲ್ಲಿ ಬೆಳೆದ, ಮೀನಿನ ಹೊಲಸಿನ ವಿಷ ಕಳೆಯುವ ಒಳ್ಳೆಯ ಬ್ಯಾಕ್ಟೀರಿಯಾ ಸಾಯುತ್ತವೆ, ಆಮೇಲೆ ಮೀನೂ.

ಪ್ರಶ್ನೆ: ಸ್ಟ್ಯಾಂಡ್ ಕಬ್ಬಿಣದ್ದು ಒಳ್ಳೆಯದೋ ಮರದ್ದೋ? ನಮ್ಮ ಆಚಾರಿ ಹಲಸಿನ ಮರದಲ್ಲಿ ಮಾಡಿಕೊಡುತ್ತೇನೆ ಅನ್ನುತ್ತಾರೆ. ಮನೆಯಲ್ಲಿ ಹಳೇ ಟಿವಿ ಶೋಕೇಸೂ ಖಾಲಿ ಇದೆ.
— ಗೃಹಿಣಿ, ಮುಳ್ಳೇರಿಯ

ಉತ್ತರ: ಅಕ್ಕಾ, ಶೋಕೇಸ್ ವಿಷಯ ಮೊದಲು ಮುಗಿಸೋಣ. ಅದು ಮರದ ಪುಡಿ ಒತ್ತಿ ಮಾಡಿದ ಹಲಗೆ. ನೀರು ಬದಲಿಸುವಾಗ ಅಂಚಿಗೆ ನಾಲ್ಕು ಹನಿ ಬಿದ್ದರೂ ನೆನೆದ ಅವಲಕ್ಕಿಯ ಹಾಗೆ ಉಬ್ಬುತ್ತದೆ. ಟಿವಿಗೆ ಮಾಡಿದ್ದು ಟಿವಿಗೇ ಇರಲಿ.

ಆಚಾರಿ ಮಾಡುವ ಹಲಸಿನ ಸ್ಟ್ಯಾಂಡ್ ಚೆನ್ನಾಗಿಯೇ ಇರುತ್ತದೆ, ಮರ ಚೆನ್ನಾಗಿ ಒಣಗಿದ್ದರೆ. ಹಸಿ ಮರದಲ್ಲಿ ಮಾಡಿದರೆ ಬೇಸಗೆಯಲ್ಲಿ ಒಣಗಿ ಒಂದು ಕಾಲು ತಿರುಗುತ್ತದೆ. ಅವರಿಗೆ ಒಂದೇ ಮಾತು ಹೇಳಿ. ಮೇಲಿನ ಅಡ್ಡಪಟ್ಟಿ ಕಾಲಿನ ತಲೆಯ ಮೇಲೆ ಕೂರಬೇಕು, ಕಾಲಿನ ಬದಿಗೆ ಸ್ಕ್ರೂ ಹಾಕಿ ನೇತು ಹಾಕಬಾರದು. ಭಾರ ಮರದಿಂದ ಮರಕ್ಕೆ, ಮರದಿಂದ ನೆಲಕ್ಕೆ ಇಳಿಯಬೇಕು. ಸ್ಕ್ರೂ ಇರುವುದು ಜೋಡಣೆ ಕದಲದಿರಲಿ ಅಂತ, ಭಾರ ಹೊರಲಿಕ್ಕಲ್ಲ. ಹಿಂಬದಿಗೆ ಒಂದು ಪ್ಲೈವುಡ್ ಹಲಗೆ ಪೂರ್ತಿ ಹೊಡೆಸಿ. ಇಲ್ಲದಿದ್ದರೆ ಸ್ಟ್ಯಾಂಡ್ ಮೇಲಿನಿಂದ ಬರುವ ಭಾರವನ್ನು ತಡೆದರೂ, ಮಕ್ಕಳು ಬಂದು ಬದಿಗೆ ಒರಗಿದರೆ ಇಸ್ಪೀಟ್ ಎಲೆಯ ಮನೆಯ ಹಾಗೆ ಓರೆಯಾಗುತ್ತದೆ.

ಕಬ್ಬಿಣವಾದರೆ ಒಂದೂವರೆ ಇಂಚಿನ ಚೌಕದ ಪೈಪ್, ಗೋಡೆ 2 ಎಂಎಂ ದಪ್ಪ ಇರಲಿ. ಕಾಲಿನ ಅಡಿಗೆ 4 ಇಂಚಿನ ತಗಡು ವೆಲ್ಡ್ ಮಾಡಿಸಿ, ಅದರ ಅಡಿಗೆ ರಬ್ಬರ್ ಹಾಳೆ. ಬರೀ ಪೈಪಿನ ಬಾಯಿ ಟೈಲ್ಸ್ ಮೇಲೆ ಕೂತರೆ, ಟೈಲ್ಸಿನ ಅಡಿ ಪೊಳ್ಳಿದ್ದರೆ ಅದು ಒಡೆಯುತ್ತದೆ, ಒಂದು ಕಾಲು ತಗ್ಗುತ್ತದೆ, ಅಲ್ಲಿಗೆ ಕುಂಟು ಶುರು. ಬಣ್ಣ ಎರಡು ಕೋಟ್ ಹೊಡೆಸಿ, ವೆಲ್ಡಿಂಗ್ ಜಾಗದಲ್ಲಿ ಮೂರು.

ನನ್ನ ಆಯ್ಕೆ ಕಬ್ಬಿಣ. ಆದರೆ ಅದರಲ್ಲೂ ಒಂದು ಮೋಸ ಇದೆ. ವೆಲ್ಡಿಂಗ್ ಬಿಸಿಗೆ ಪೈಪ್ ಎಳೆಯುತ್ತದೆ, ಅಂಗಡಿಯಿಂದ ಹೊಸದಾಗಿ ಬಂದ ಸ್ಟ್ಯಾಂಡೇ ತಿರುಚಿರುತ್ತದೆ. ದುಡ್ಡು ಕೊಡುವ ಮೊದಲು ಎರಡು ದಾರ ತೆಗೆದುಕೊಂಡು ಹೋಗಿ. ಮೇಲಿನ ಚೌಕಟ್ಟಿನ ಎದುರುಬದುರು ಮೂಲೆಗಳಿಗೆ ಒಂದು ದಾರ, ಉಳಿದೆರಡು ಮೂಲೆಗೆ ಇನ್ನೊಂದು, ಎರಡನ್ನೂ ಬಿಗಿಯಾಗಿ ಎಳೆದು ಕಟ್ಟಿ. ನಡುವೆ ದಾಟುವಲ್ಲಿ ಎರಡೂ ಒಂದನ್ನೊಂದು ಸುಮ್ನೆ ಮುಟ್ಟಿಕೊಂಡಿರಬೇಕು. ನಡುವೆ ಸಂದು ಕಂಡರೆ ಚೌಕಟ್ಟು ಸೊಟ್ಟ. ಸಂದು ಕಾಣದಿದ್ದರೂ ಕೆಳಗಿನ ದಾರ ಮೇಲಿನದನ್ನು ಎತ್ತಿ ಹಿಡಿದಿರಬಹುದು, ಆಗಲೂ ಸೊಟ್ಟವೇ. ಅದಕ್ಕೆ ಮೇಲೆ ಕೆಳಗೆ ಅದಲುಬದಲು ಮಾಡಿ ಇನ್ನೊಮ್ಮೆ ಕಟ್ಟಿ ನೋಡಬೇಕು. ವೆಲ್ಡಿಂಗಿನವರು ಮುಖ ಸಪ್ಪೆ ಮಾಡಬಹುದು. ನಾನು ಒಬ್ಬರ ಹತ್ತಿರ ಹೀಗೆ ದಾರ ಕಟ್ಟಿದಾಗ "ನೀವು ಮೀನು ಸಾಕ್ತೀರೋ, ಸೇತುವೆ ಕಟ್ತೀರೋ?" ಅಂತ ಕೇಳಿದರು. ಆದರೆ ಸಂದು ಕಣ್ಣಾರೆ ಕಂಡ ಮೇಲೆ ಎರಡು ಕೀಲು ಕತ್ತರಿಸಿ ಮತ್ತೆ ವೆಲ್ಡ್ ಮಾಡಿಕೊಟ್ಟರು, ದುಡ್ಡು ಜಾಸ್ತಿ ಕೇಳಲಿಲ್ಲ.

ಚೌಕಟ್ಟಿನ ಮೇಲೆ ನೇರ ಗಾಜು ಇಡಬೇಡಿ. 18 ಎಂಎಂ ಪ್ಲೈವುಡ್, ನೀರು ತಡೆಯುವ ಜಾತಿಯದ್ದು, ಅಂಚುಗಳಿಗೆ ಬಣ್ಣ ಹೊಡೆದು ಹಾಸಿ.

ಪ್ರಶ್ನೆ: ಅಡಿಗೆ ಥರ್ಮೋಕೋಲ್ ಬೇಕೋ ಬೇಡವೋ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.
— ಉಪ್ಪಳದ ಓದುಗರು

ಉತ್ತರ: ತಳದ ಗಾಜು ಪೂರ್ತಿ ಹಲಗೆಗೆ ತಾಗುವ ಟ್ಯಾಂಕ್ ಆದರೆ ಬೇಕು, ಅರ್ಧ ಇಂಚು ಸಾಕು. ಸುತ್ತ ಪ್ಲಾಸ್ಟಿಕ್ ಚೌಕಟ್ಟು ಇದ್ದು, ತಳದ ಗಾಜು ಅದರೊಳಗೆ ಎತ್ತರದಲ್ಲಿ ಕೂತ ಟ್ಯಾಂಕ್ ಆದರೆ ಬೇಡ. ಅದರ ಭಾರ ಇಳಿಯಬೇಕಾದ್ದು ಚೌಕಟ್ಟಿನ ಮೂಲಕ. ಥರ್ಮೋಕೋಲ್ ಹಾಕಿದರೆ ನಡುವಿನ ಗಾಜನ್ನು ಕೆಳಗಿನಿಂದ ಒತ್ತಿದ ಹಾಗಾಗುತ್ತದೆ. ಮತ್ತೆ, ಥರ್ಮೋಕೋಲ್ ನುಂಗುವುದು ಮರಳಿನ ಕಣವನ್ನು, ಸ್ಕ್ರೂ ತಲೆಯನ್ನು. ಕುಂಟುವ ಸ್ಟ್ಯಾಂಡನ್ನಲ್ಲ.

ಪ್ರಶ್ನೆ: ಟ್ಯಾಂಕ್ ನಾಳೆ ಬರುತ್ತದೆ. ನಾಳೆಯೇ ಮೀನು ಬಿಡಬಹುದಾ? ನಮ್ಮಲ್ಲಿ ಸುರಂಗದ ನೀರು, ಅದು ಆಗುತ್ತದಾ?
— ಕಾಲೇಜು ವಿದ್ಯಾರ್ಥಿನಿ, ಬಾಯಾರು

ಉತ್ತರ: ನಾಳೆ ಬೇಡ ತಂಗೀ. ಹೊಸದಾಗಿ ಅಂಟಿಸಿದ ಟ್ಯಾಂಕ್ ಆದರೆ ಮೂಗು ಹತ್ತಿರ ತಂದು ನೋಡು, ಹುಳಿ ವಿನೆಗರ್ ವಾಸನೆ ಬಂದರೆ ಸಿಲಿಕೋನ್ ಇನ್ನೂ ಒಣಗಿಲ್ಲ. ವಾಸನೆ ಹೋದ ಮೇಲೆ ಮೊದಲ ಪರೀಕ್ಷೆ ಒಳಗಲ್ಲ, ಹೊರಗೆ. ಅಂಗಳದಲ್ಲಿ ಮಟ್ಟ ಇರುವ ಕಡೆ ಪ್ಲೈವುಡ್ ಮೇಲೆ ಥರ್ಮೋಕೋಲ್ ಹಾಸಿ ಇಟ್ಟು, ತುಂಬಿಸಿ, ಎರಡು ದಿನ ಬಿಡು. ಮೂಲೆಗಳಿಗೆ ಒಣ ಕಾಗದ ಒತ್ತಿ ನೋಡು, ಒದ್ದೆ ಆದರೆ ಸೋರುತ್ತಿದೆ. ಸೋರುವುದಾದರೆ ಅಂಗಳದಲ್ಲಿ ಸೋರಲಿ, ಚಾವಡಿಯಲ್ಲಿ ಬೇಡ. ಪೂರ್ತಿ ಖಾಲಿ ಮಾಡಿಯೇ ಒಳಗೆ ತರಬೇಕು, ಇಬ್ಬರಲ್ಲ, ನಾಲ್ಕು ಜನ, ತಳಕ್ಕೆ ಕೈ ಕೊಟ್ಟು. ಮೇಲಂಚು ಹಿಡಿದು ಎತ್ತಿದರೆ ಅಂಟು ಬಿಡಬಹುದು.

ಒಳಗೆ ಇಟ್ಟ ಮೇಲೂ ಒಂದೇ ಸಲ ತುಂಬಿಸಬೇಡ. ಕಾಲು ಭಾಗ ತುಂಬಿಸಿ ನಾಲ್ಕೂ ಮೂಲೆ ಅಳೆ. ಹಲಗೆ, ರಬ್ಬರ್ ಎಲ್ಲ ಭಾರಕ್ಕೆ ಸ್ವಲ್ಪ ಕೂರುತ್ತವೆ. ಅರ್ಧಕ್ಕೆ ಇನ್ನೊಮ್ಮೆ, ಪೂರ್ತಿ ಆದ ಮೇಲೆ ಮತ್ತೊಮ್ಮೆ, ಮಾರನೇ ದಿನ ಕೊನೇ ಸಲ. ಅಳತೆಗಳನ್ನು ಬರೆದಿಡು. ಕಾಲು ಭಾಗದಲ್ಲೇ ತಪ್ಪು ಕಂಡರೆ ಇಳಿಸುವುದು ಎಂಬತ್ತು ತೊಂಬತ್ತು ಲೀಟರ್, ಪೂರ್ತಿ ತುಂಬಿದ ಮೇಲೆ ಕಂಡರೆ ನಿನ್ನ ರಜೆ ಹೋಯಿತು.

ಸುರಂಗದ ನೀರು ಧಾರಾಳ ಆಗುತ್ತದೆ. ನಳ್ಳಿ ನೀರಿನ ಕ್ಲೋರಿನ್ ಗೋಳು ನಿನಗಿಲ್ಲ. ಗುಡ್ಡದ ಹೊಟ್ಟೆಯಿಂದ ತಾನಾಗಿ ಹರಿದು ಬರುವ ನೀರಿಗೆ ಪಂಪೂ ಬೇಡ, ನಮ್ಮ ಊರಿನ ಭಾಗ್ಯ ಅದು. ಬಕೆಟಿನಲ್ಲಿ ಒಂದು ದಿನ ಇಟ್ಟು, ಗಾಳಿಯ ಪಂಪ್ ಹಾಕಿ, ಕೋಣೆಯ ಬಿಸಿಗೆ ಬಂದ ಮೇಲೆ ಬಳಸು.

ಪ್ರಶ್ನೆ: ಅತ್ತೆ ಈಶಾನ್ಯದಲ್ಲೇ ಇಡಬೇಕು ಅನ್ನುತ್ತಾರೆ, ವಾಸ್ತು ಪ್ರಕಾರ. ಯಜಮಾನರು ಟಿವಿ ಪಕ್ಕ ಅನ್ನುತ್ತಾರೆ. ನೀವೇ ಹೇಳಿ.
— ಬದಿಯಡ್ಕದ ಓದುಗರು

ಉತ್ತರ: ಅತ್ತೆ ಸೊಸೆ ನಡುವೆ ನನ್ನನ್ನು ನಿಲ್ಲಿಸಬೇಡಿ ಅಕ್ಕಾ! ವಾಸ್ತು ನನ್ನ ವಿಷಯ ಅಲ್ಲ. ಆದರೆ ಈ ಸಲ ಅತ್ತೆ ಹೇಳಿದ ಜಾಗ ಒಳ್ಳೆಯದಿರಬಹುದು. ಈಶಾನ್ಯಕ್ಕೆ ಮಧ್ಯಾಹ್ನದ ಪಡುವಣ ಬಿಸಿಲು ಬರುವುದಿಲ್ಲ, ಪಾಚಿ ಕಡಿಮೆ. ಮೂಲೆ ಆದ್ದರಿಂದ ಎರಡು ಗೋಡೆ ಹತ್ತಿರ, ನಡೆದಾಡುವವರು ಡಿಕ್ಕಿ ಹೊಡೆಯುವುದಿಲ್ಲ. ನೆಲ ತಟ್ಟಿ ನೋಡಿ, ಗಟ್ಟಿ ಇದ್ದರೆ ಅಲ್ಲೇ ಇಡಿ. ಟಿವಿ ಪಕ್ಕ ಬೇಡ, ನೀರು ಬದಲಿಸುವಾಗ ಚಿಮ್ಮುತ್ತದೆ.

ಪ್ಲಗ್ ಪಾಯಿಂಟ್ ಎಲ್ಲಿದೆ ನೋಡಿಕೊಳ್ಳಿ. ಟ್ಯಾಂಕಿನ ನೇರ ಅಡಿಯಲ್ಲಿ ಇರಬಾರದು. ವಯರ್ ಪ್ಲಗ್ಗಿಗಿಂತ ಕೆಳಗೆ ಜೋಲಿಯ ಹಾಗೆ ಇಳಿದು ಮತ್ತೆ ಮೇಲೇರಬೇಕು, ಆಗ ವಯರ್ ಗುಂಟ ಬರುವ ನೀರು ಜೋಲಿಯ ತಳದಿಂದ ನೆಲಕ್ಕೆ ತೊಟ್ಟಿಕ್ಕುತ್ತದೆ, ಪ್ಲಗ್ಗಿಗೆ ಹೋಗುವುದಿಲ್ಲ. ಮನೆಯ ಮೀಟರ್ ಬೋರ್ಡಿನಲ್ಲಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದ ಕೂಡಲೇ ತಾನಾಗಿ ಆಫ್ ಆಗುವ ಸ್ವಿಚ್, ಇದೆಯೇ ಅಂತ ಎಲೆಕ್ಟ್ರಿಶಿಯನ್ ಹತ್ತಿರ ಕೇಳಿ. ಇಲ್ಲದಿದ್ದರೆ ಮೀನು ತರುವ ಮೊದಲು ಅದನ್ನು ಹಾಕಿಸಿ. ಯಜಮಾನರು ಬೇಕಾದರೆ ಟಿವಿಯನ್ನೇ ಈಶಾನ್ಯದ ಎದುರು ಗೋಡೆಗೆ ತರಲಿ.